ಹಗುರಾಗದ ತಕ್ಕಡಿ

ಹದಿಮೂರು ದಿನ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಐದೂವರೆಗೆ ಎದ್ದೆ. ಹಾಲಿನವಳು ಅರ್ಧ ಲೀಟರು ಕಡಿಮೆ ಹಾಕಿ ಹೋಗಿದ್ದಳು. ಯಾರೂ ಹೇಳಿರಲಿಲ್ಲ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಿತ್ತಲಿನಿಂದ ಅತ್ತೆಯ ದನಿ ಬಂತು: “ಇಂದೂ, ಆ ನೀಲಿ ಶರ್ಟಿಗೆ ಇನ್ನೊಂದು ಕ್ಲಿಪ್ಪು ಹಾಕೇ. ಎಲ್ಲದಕ್ಕಿಂತ ಮೊದಲು ಅದೇ ಎದ್ದು ಕುಣಿಯತ್ತೆ.”

ನೀಲಿ ಶರ್ಟು ನನ್ನ ಗಂಡ ಚಿದಂಬರನದು. ಕ್ಲಿಪ್ಪು ಹಾಕಿದೆ. ಬಟ್ಟೆ ಕೈಗೆ ಹಗುರ ಅನ್ನಿಸಿತು. ಹದಿನಾಲ್ಕನೆಯ ದಿನಕ್ಕೆ ಎಷ್ಟು ಹಗುರಾಗಬೇಕೋ ಅಷ್ಟು.

ನಮ್ಮೂರಲ್ಲಿ ಸತ್ತವರ ಸಾಮಾನು ದಿನಕ್ಕೆ ನೂರರಲ್ಲಿ ಒಂದು ಪಾಲು ತೂಕ ಕಳೆದುಕೊಳ್ಳುತ್ತದೆ. ನೂರನೆಯ ದಿನ ಏನೂ ಉಳಿಯದೆ ಮೇಲೆ ಹೋಗುತ್ತದೆ. ಜನ ಇದಕ್ಕೆ ಒಗ್ಗಿದ್ದಾರೆ. ತೊಂಬತ್ತು ದಿನ ಆದಮೇಲೆ ಕಬ್ಬಿಣದ ಮಂಚವನ್ನು ಅಂಗಳಕ್ಕೆ ಎಳೆದು ಹಾಕುತ್ತಾರೆ, ಹೆಂಚು ಒಡೆಯದಿರಲಿ ಎಂದು. ಪಕ್ಕದ ಮನೆಯ ಸಾವಂತ್ರಮ್ಮ ಗಂಡನ ಸ್ಕೂಟರನ್ನು ಬಿಟ್ಟುಕೊಡಲು ಮನಸ್ಸಾಗದೆ ನುಗ್ಗೆ ಮರಕ್ಕೆ ಕಟ್ಟಿದ್ದರು. ಒಂದು ಮಧ್ಯಾಹ್ನ ಅದು ಕೊಂಬೆಯ ಸಮೇತ ಹೋಯಿತು. “ಹುಣಸೆಗೆ ಕಟ್ಟಬೇಕಿತ್ತು,” ಎಂದು ಈಗಲೂ ಹೇಳುತ್ತಾರೆ.

ಹಗುರಾಗದೆ ಉಳಿಯುವುದು ಎರಡೇ ಬಗೆ. ಸತ್ತವರು ಬದುಕಿದ್ದಾಗಲೇ ಇನ್ನೊಬ್ಬರಿಗೆ ಕೊಟ್ಟುಬಿಟ್ಟದ್ದು ಒಂದು. ಇನ್ನೊಬ್ಬರದ್ದನ್ನು ತಂದು ವಾಪಸು ಕೊಡದೆ ಇಟ್ಟುಕೊಂಡದ್ದು ಇನ್ನೊಂದು. ಹಾಗೆ ಉಳಿದ ಪರರ ಸಾಮಾನನ್ನು ತಿಂಗಳೊಳಗೆ ಅವರವರಿಗೆ ಮುಟ್ಟಿಸಬೇಕು. ಹಾಗಾಗಿ ಸಾವಾದ ಮನೆಗೆ ಮೊದಲು ಬೇಕಾಗುವುದು ಒಂದು ತಕ್ಕಡಿ. ಅದು ಸತ್ತವರದ್ದಾಗಿರಬಾರದು. ತಾನೇ ಹಗುರಾಗುತ್ತಿರುವ ತಕ್ಕಡಿ ನಿಜ ಹೇಳುವುದಿಲ್ಲ.

ಚಿದಂಬರ ಊರಿನ ನೀರಿನ ಟ್ಯಾಂಕಿನಲ್ಲಿ ಪಂಪು ನೋಡಿಕೊಳ್ಳುತ್ತಿದ್ದ. ಭಾನುವಾರ ರಾಕೆಟ್ಟು ಹಾರಿಸುತ್ತಿದ್ದ. ದೀಪಾವಳಿಯ ರಾಕೆಟ್ಟಲ್ಲ, ಕಾಗದದ ಕೊಳವೆ, ತೆಳು ಮರದ ರೆಕ್ಕೆ, ಹೊಟ್ಟೆಯಲ್ಲಿ ಮಡಚಿಟ್ಟ ಪ್ಯಾರಾಚೂಟು, ಬುಡದಲ್ಲಿ ಹೆಬ್ಬೆರಳು ಗಾತ್ರದ ಮದ್ದಿನ ಮೋಟಾರು. ಹೈಸ್ಕೂಲಿನ ಹಿಂದಿನ ಮೈದಾನದಿಂದ ಅದು ನೂರು ನೂರೈವತ್ತು ಮೀಟರು ಏರಿ, ಛತ್ರಿ ಬಿಚ್ಚಿ ಇಳಿಯುತ್ತಿತ್ತು. ಅವನ ಮಾತಿನಲ್ಲಿ ಇಡೀ ಆಟ ತೂಕದ್ದು. ಐದು ಗ್ರಾಂ ಹೆಚ್ಚಾದರೆ ಆ ಮೋಟಾರು ಎತ್ತುವುದಿಲ್ಲ, ಮೂತಿ ಹಗುರಾದರೆ ಮೇಲೆ ಹೋಗಿ ಲಾಗ ಹಾಕುತ್ತದೆ. ಕಟ್ಟಿ ಮುಗಿಸಿದ ಪ್ರತಿ ರಾಕೆಟ್ಟಿನ ರೆಕ್ಕೆಯ ಮೇಲೂ ಅದರ ತೂಕವನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದ, ದಶಮಾಂಶದ ಸಮೇತ.

ಮದುವೆಯಾದ ಮೊದಲ ವರ್ಷ ನಾನು ಅವನಿಗೊಂದು ತಕ್ಕಡಿ ಕೊಡಿಸಿದ್ದೆ. ಅಡುಗೆಮನೆಯ ತಕ್ಕಡಿ, ಐದು ಕಿಲೋ ಹೊರುವಂಥದ್ದು. ಒಂದು ಗ್ರಾಮಿಗಿಂತ ಸಣ್ಣದು ಅದಕ್ಕೆ ಕಾಣಿಸುತ್ತಿರಲಿಲ್ಲ. ರಸಾಯನಶಾಸ್ತ್ರ ಓದಿದವಳು ನಾನು, ಅಷ್ಟು ಗೊತ್ತಿರಬೇಕಿತ್ತು. ಅವನು ಏನೂ ಅನ್ನಲಿಲ್ಲ. ಮೂರು ತಿಂಗಳು ಅದರಲ್ಲೇ ತೂಗಿದ. ನಾಲ್ಕನೆಯ ತಿಂಗಳು ಅವನ ಮೇಜಿನ ಮೇಲೆ ಇನ್ನೊಂದು ತಕ್ಕಡಿ ಬಂತು. ಗಾಜಿನ ಗೂಡು, ಬೆಳ್ಳಿಯಂಥ ತಟ್ಟೆ, ಗ್ರಾಮಿನ ನೂರನೆಯ ಪಾಲು ತೋರಿಸುವ ಹಸಿರು ಅಂಕಿ. “ಎಲ್ಲಿಂದ ಬಂತು?” ಎಂದು ಕೇಳಿದೆ. “ಸಿಕ್ತು,” ಎಂದ. ನನ್ನದು ಮೇಜಿನ ಕೆಳಗೆ ಹೋಯಿತು. ನಾನು ಮತ್ತೆ ಕೇಳಲಿಲ್ಲ. ಆದರೆ ಎರಡು ವರ್ಷ ಆ ಮೇಜನ್ನು ಒರೆಸುವಾಗ ಗಾಜಿನ ಗೂಡಿನ ಸುತ್ತ ಮಾತ್ರ ಬಟ್ಟೆ ಆಡಿಸಿದ್ದೇನೆ, ಅದನ್ನು ಮುಟ್ಟಿಲ್ಲ.

ಆ ಬೆಳಿಗ್ಗೆ ಅತ್ತೆಯೇ ರಾಕೆಟ್ಟುಗಳ ಮಾತು ತೆಗೆದರು. “ಅದರಲ್ಲಿ ಶಾಲೆ ಮಕ್ಕಳದ್ದೂ ಇದ್ದಾವು. ತೂಗಿ ನೋಡಿ ವಾಪಸು ಕೊಡಬೇಕಲ್ಲ. ನಮ್ಮನೇಲಿ ಅದಕ್ಕಾಗೋ ತಕ್ಕಡಿ ಎಲ್ಲಿದೆ?”

ಮೇಜಿನ ಕೆಳಗಿನದನ್ನು ಎತ್ತಿ ನೋಡಿದೆ. ಹಗುರಾಗಿತ್ತು. ಅವನದ್ದಾಗಿತ್ತಲ್ಲ, ಆಗಲೇಬೇಕು.

“ಆ ಗಾಜಿನದ್ದನ್ನ ಮೌಲಾಲಿಗೆ ಕೊಟ್ಟು ಬೇರೆ ತಗೊಂಬಾ,” ಎಂದರು ಅತ್ತೆ. “ದಿನ ಹೋದಷ್ಟೂ ಅದರ ಬೆಲೆ ಇಳಿಯತ್ತೆ. ಸತ್ತವರ ಸಾಮಾನನ್ನ ಮೊದಲ ತಿಂಗಳಲ್ಲಾದರೆ ಅವನು ತಗೋತಾನೆ, ಬಿಡಿಭಾಗಕ್ಕೆ.”

ಗಾಜಿನ ಗೂಡನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಜೊತೆಗೆ ಅತಿ ಉದ್ದದ ರಾಕೆಟ್ಟೊಂದನ್ನು ತೆಗೆದುಕೊಂಡೆ, ಅಳತೆಗಿರಲಿ ಎಂದು. ಚೀಲ ಭಾರವಾಗಿತ್ತು. ಹದಿಮೂರು ದಿನ ಸರಿಯಾಗಿ ಉಂಡಿಲ್ಲ, ನನ್ನ ಕೈಯೇ ಸೋತಿದೆ ಅಂದುಕೊಂಡೆ.

ಮೌಲಾಲಿಯ ಅಂಗಡಿ ಹಳೆಯ ಸಂತೆಬೀದಿಯಲ್ಲಿದೆ. ಎಪ್ಪತ್ತರ ಮುದುಕ, ತಕ್ಕಡಿ ಮಾರುತ್ತಾರೆ, ರಿಪೇರಿಯನ್ನೂ ಮಾಡುತ್ತಾರೆ. ಗಿರಾಕಿ ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ ಯಾವ ಮನೆಗೆ ಎಂಬುದು. ಬದುಕಿರುವವರ ಮನೆಗಾದರೆ ತರಕಾರಿ ತಕ್ಕಡಿ, ಸಾವಾದ ಮನೆಗಾದರೆ ಕೊಕ್ಕೆಯಿರುವ ಸ್ಪ್ರಿಂಗಿನ ತಕ್ಕಡಿ, ಟ್ರಂಕು ಮಂಚ ತೂಗುವುದಕ್ಕೆ. ನನ್ನನ್ನು ಕೇಳಲಿಲ್ಲ. ಸ್ಟೂಲು ಎಳೆದು ಕೊಟ್ಟರು.

“ಕೂತ್ಕೊಳ್ಳಿ ತಾಯಿ. ಏನು ತೂಗಬೇಕು?”

ರಾಕೆಟ್ಟನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

“ಐವತ್ತು ವರ್ಷದಲ್ಲಿ ಇದನ್ನ ತೂಗೋಕೆ ತಕ್ಕಡಿ ಕೊಡಿ ಅಂತ ಕೇಳಿದೋರು ನೀವು ಎರಡನೆಯೋರು. ಮೊದಲನೆಯೋರು ಇದರ ಯಜಮಾನರೇ. ಬಂದು ಎಲ್ಲ ನೋಡಿ, ಬೆಲೆ ಕೇಳಿ, ಟೀ ಕುಡಿದು ಹೋದ್ರು.”

“ಇದನ್ನ ತಗೊಂಡು ಬೇರೆ ಕೊಡ್ತೀರಾ?” ಎಂದು ಟವೆಲು ಬಿಚ್ಚಿದೆ.

ಮೌಲಾಲಿ ಗಾಜಿನ ಗೂಡನ್ನು ಎರಡೂ ಕೈಯಲ್ಲಿ ಎತ್ತಿದರು. ಎತ್ತಿದವರು ಹಾಗೇ ನಿಂತರು. ಆಮೇಲೆ ಅದನ್ನು ಬೋರಲು ಮಾಡಿ ಬುಡದ ತಗಡಿನ ಮೇಲೆ ಕೊರೆದಿದ್ದ ಅಕ್ಷರವನ್ನು ಬೆರಳಿನಿಂದ ಒರೆಸಿದರು. ತೂಕ 640 ಗ್ರಾಂ ಎಂದಿತ್ತು. ತಮ್ಮ ತಕ್ಕಡಿಯ ಮೇಲಿಟ್ಟರು. ಆರುನೂರ ನಲವತ್ತು.

“ಯಜಮಾನರು ಹೋಗಿ ಎಷ್ಟು ದಿನ ಆಯ್ತು ತಾಯಿ?”

“ಹದಿನಾಲ್ಕು.”

“ಇದು ಅವರದಲ್ಲ,” ಎಂದು ಟವೆಲನ್ನು ಮತ್ತೆ ಸುತ್ತತೊಡಗಿದರು.

“ಯಾರದು?”

“ನಾನು ತಕ್ಕಡಿ ಮಾರೋನು ತಾಯಿ, ಸುದ್ದಿ ಮಾರೋನಲ್ಲ.”

“ವಾಪಸು ಮುಟ್ಟಿಸಬೇಕಲ್ಲ. ಯಾರದು ಅಂತ ಗೊತ್ತಾಗದೆ ಯಾರಿಗೆ ಮುಟ್ಟಿಸಲಿ?”

ಆ ಮಾತನ್ನು ನಮ್ಮೂರಲ್ಲಿ ಯಾರೂ ತಳ್ಳಿಹಾಕುವುದಿಲ್ಲ. ಟವೆಲಿನ ಗಂಟನ್ನು ಬಿಗಿದು, ನನ್ನ ಕಡೆ ನೋಡದೆ ಹೇಳಿದರು: “ಎರಡು ವರ್ಷದ ಕೆಳಗೆ ಫ್ಲಾವಿಯಾ ಟೀಚರ್ ತಗೊಂಡು ಹೋಗಿದ್ದು. ಸ್ಕೂಲಿಗೆ ಅಂದ್ಕೊಂಡೆ. ಬಿಲ್ಲು ಸ್ವಂತ ಹೆಸರಿಗೆ ಬರೆಸಿದ್ರು.”

ಫ್ಲಾವಿಯಾ ಹೈಸ್ಕೂಲಿನ ವಿಜ್ಞಾನದ ಟೀಚರ್. ಭಾನುವಾರದ ರಾಕೆಟ್ಟು ಕೂಟ ಅವಳದ್ದೇ. ಮೂವತ್ತಾರು ಮೂವತ್ತೇಳು ಇರಬೇಕು, ಮದುವೆಯಾಗಿಲ್ಲ. ಮೂರನೆಯ ದಿನ ಬಂದು ಗೇಟಿನ ಹೊರಗೆ ನಿಂತಿದ್ದಳು. ಒಳಗೆ ಬನ್ನಿ ಎಂದು ಯಾರೋ ಕರೆದರೆ ಚಪ್ಪಲಿ ಬಿಡಲು ಬಗ್ಗಿ, ಬಿಡದೆ, ಹಾಗೇ ಹೋಗಿದ್ದಳು. ಆಗ ನನಗೆ ಏನೂ ಅನ್ನಿಸಿರಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದರ ಬಗ್ಗೆಯೂ ಏನೂ ಅನ್ನಿಸಿರಲಿಲ್ಲ. ಅಳು ಸಹ ಬಂದಿರಲಿಲ್ಲ. ನೆಂಟರು ಅದನ್ನು ಗಮನಿಸಿ ಪಿಸುಗುಟ್ಟಿದ್ದರು. ಈಗ ಮೌಲಾಲಿಯ ಸ್ಟೂಲಿನ ಮೇಲೆ ಕೂತಾಗ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು. ಹದಿನಾಲ್ಕು ದಿನದಲ್ಲಿ ನನ್ನ ಮೈಗೆ ತಟ್ಟಿದ ಮೊದಲ ಬಿಸಿ ಅದು.

ಎರಡು ವರ್ಷ. ಇಂಥ ಬೆಲೆಬಾಳುವ ವಸ್ತುವನ್ನು ಯಾರಾದರೂ ಎರಡು ವರ್ಷ ಕಡ ಕೊಡುತ್ತಾರೆಯೇ? ನಾನು ಸಕ್ಕರೆ ಕಡ ಕೊಟ್ಟರೆ ಎರಡನೆಯ ವಾರ ನೆನಪಿಸುತ್ತೇನೆ. ನನ್ನ ಮನೆಯಲ್ಲಿ, ನಾನು ಒರೆಸಿದ ಮೇಜಿನ ಮೇಲೆ, ನನ್ನ ಗಂಡ ದಿನವೂ ಸಂಜೆ ಅವಳ ತಕ್ಕಡಿಯ ಮೇಲೆ ಬೆರಳಿಟ್ಟು ಸೊನ್ನೆ ಮಾಡಿದ್ದ. ನಾನು ಕೊಟ್ಟದ್ದು ಕಾಲ ಬಳಿ ಬಿದ್ದಿತ್ತು.

“ಒಂದು ಮಾತು ಹೇಳ್ತೀನಿ,” ಎಂದರು ಮೌಲಾಲಿ. “ನಿಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೇದು ಈ ಅಂಗಡೀಲಿಲ್ಲ. ಹಗುರಾಗಿಲ್ಲ, ನಿಜಾನೇ ಹೇಳತ್ತೆ. ಇದರಲ್ಲೇ ಎಲ್ಲ ತೂಗ್ಕೊಂಡು ಆಮೇಲೆ ವಾಪಸು ಕೊಡಿ. ಸುಮ್ಮನೆ ಯಾಕೆ ಖರ್ಚು?”

“ಬೇಡ. ಹೊಸದು ಕೊಡಿ. ಕಡಿಮೆ ಬೆಲೆಯದು.”

“ಕಡಿಮೆ ಬೆಲೆಯದು ಇದರ ಮುಂದೆ—”

“ಗೊತ್ತು. ಕೊಡಿ.”

ನನಗೆ ಬೇಕಾಗಿದ್ದು ಈಗ ಶಾಲೆಯ ಮಕ್ಕಳ ಲೆಕ್ಕವಲ್ಲ. ಮನೆಯಲ್ಲಿದ್ದ ಆರು ರಾಕೆಟ್ಟುಗಳಲ್ಲಿ ಅವಳದ್ದು ಎಷ್ಟಿದೆ ಎಂದು ತಿಳಿಯಬೇಕಿತ್ತು. ಒಂದು ರೆಕ್ಕೆ, ಒಂದು ಚೂರು ಬಟ್ಟೆ, ನಾಲ್ಕು ಗ್ರಾಂ ಅವಳದ್ದಾಗಿದ್ದರೂ ಸರಿ. ಅದನ್ನು ಅವಳದ್ದೇ ತಕ್ಕಡಿಯಲ್ಲಿ ತೂಗುವಷ್ಟು ನನ್ನ ಕೈ ಇಳಿದಿರಲಿಲ್ಲ.

ಮೌಲಾಲಿ ಮೂರು ಡಬ್ಬಿ ತೆಗೆದರು. ಮೊದಲನೆಯದು ನಾನು ಹಿಂದೆ ಕೊಂಡಿದ್ದ ಬಗೆಯದೇ. “ಇದು ಐದು ಕಿಲೋ ಹೊರತ್ತೆ, ಆದರೆ ಒಂದು ಗ್ರಾಂ ಒಳಗಿನ ಮಾತು ಇದಕ್ಕೆ ಕೇಳಿಸಲ್ಲ,” ಎಂದು ಬದಿಗಿಟ್ಟರು. ಎರಡನೆಯದು ಅಂಗೈಯಗಲದ ಜೇಬಿನ ತಕ್ಕಡಿ, ಅಕ್ಕಸಾಲಿಗರು ಇಟ್ಟುಕೊಳ್ಳುವಂಥದ್ದು. ನೂರನೆಯ ಪಾಲು ತೋರಿಸುತ್ತದೆ, ಬೆಲೆಯೂ ಐನೂರೇ. ನನ್ನ ಕೈ ಅದರ ಕಡೆ ಹೋಯಿತು. ಅವಳದ್ದೂ ನೂರನೆಯ ಪಾಲು ತೋರಿಸುತ್ತಿತ್ತು.

“ಸೊನ್ನೆಗಳ ಆಸೆಗೆ ಬೀಳಬೇಡಿ,” ಎಂದರು. ನೂರು ಗ್ರಾಮಿನ ಹಿತ್ತಾಳೆಯ ತೂಕದ ಬಟ್ಟನ್ನು ಅದರ ಮೇಲೆ ಮೂರು ಸಲ ಇಟ್ಟು ತೆಗೆದರು. 99.62. 100.18. 99.87. “ನೋಡಿದ್ರಾ, ಸಲಕ್ಕೊಂದು ಮಾತು. ಅಂಕಿ ತೋರಿಸೋದು ಬೇರೆ, ತಿಳಿಯೋದು ಬೇರೆ.” ಆಮೇಲೆ ನನ್ನ ರಾಕೆಟ್ಟನ್ನು ಅದರ ಮೇಲೆ ಮಲಗಿಸಿದರು. ಬಾಲ ಮೇಜಿಗೆ ತಾಗಿತು. ಮೇಲಿನ ಫ್ಯಾನಿನ ಗಾಳಿಗೆ ಅಂಕಿಗಳು ಇರುವೆಗಳ ಹಾಗೆ ಓಡಿದವು. “ಇದರ ತಟ್ಟೆ ಉಂಗುರ ಹೊರೋಕಿರೋದು. ಇನ್ನೂರು ಗ್ರಾಮಿಗಿಂತ ಜಾಸ್ತಿ ಇಟ್ರೆ ಸತ್ತೇ ಹೋಗತ್ತೆ.”

ಮೂರನೆಯದು ಐನೂರು ಗ್ರಾಂ ಹೊರುವಂಥದ್ದು, ಗ್ರಾಮಿನ ಹತ್ತನೆಯ ಪಾಲು ತೋರಿಸುವಂಥದ್ದು. ತಟ್ಟೆ ಊಟದ ಬಟ್ಟಲಿನಷ್ಟು ಅಗಲ. ನೋಡಲು ಬೂದು ಬಣ್ಣದ ಸಾಬೂನಿನ ಡಬ್ಬಿಯ ಹಾಗಿತ್ತು. ಬಟ್ಟನ್ನು ನಡುವೆ ಇಟ್ಟರು, ನಾಲ್ಕೂ ಅಂಚಿಗೆ ಸರಿಸಿದರು. 100.0. 100.0. 100.0. 100.1. 100.0. ಖಾಲಿ ಸ್ಟೀಲ್ ಲೋಟವನ್ನು ಇಟ್ಟು ಸೊನ್ನೆ ಒತ್ತಿ, ರಾಕೆಟ್ಟನ್ನು ಅದರೊಳಗೆ ನಿಲ್ಲಿಸಿದರು. “ಉದ್ದದ್ದನ್ನ ಮಲಗಿಸಿ ತೂಗಬಾರದು, ನಿಲ್ಲಿಸಿ ತೂಗಬೇಕು. ಫ್ಯಾನ್ ಆರಿಸಿ. ಹೊಸ ಸೆಲ್ ಹಾಕಿ. ಹಾಕಿದ ಮೇಲೆ ಐದು ನಿಮಿಷ ಬಿಡಿ, ಅದಕ್ಕೂ ಎಚ್ಚರ ಆಗಬೇಕಲ್ಲ.” ಬೆಲೆ ಏಳುನೂರು.

ಅದಕ್ಕೆ ಸೆಲ್ ಹಾಕುತ್ತ ಅವರು ಸುಮ್ಮನಿರಲಾರದೆ ಯಾರದೋ ಕತೆ ಹೇಳಿದರು. ಕೆಳಗಿನ ಓಣಿಯ ಅಳಿಯನೊಬ್ಬ ಮಾವ ತೊಡಿಸಿದ ಉಂಗುರವನ್ನು ಮೂವತ್ತು ವರ್ಷ ಬೆರಳಿನಿಂದ ತೆಗೆದವನಲ್ಲ. ಸತ್ತ ಮೇಲೆ ನೋಡಿದರೆ ಉಂಗುರ ಒಂದು ಗುಲಗಂಜಿಯಷ್ಟೂ ಹಗುರಾಗಲಿಲ್ಲ. “ಬೆರಳಲ್ಲಿ ಇಟ್ಕೊಂಡಿದ್ದ ಅಷ್ಟೇ. ಮನಸ್ಸಲ್ಲಿ ತಗೊಂಡೇ ಇರಲಿಲ್ಲ. ಅತ್ತೆ ಮನೆಯೋರ ಮುಖ ನೋಡಬೇಕಿತ್ತು ತಾಯಿ.” ನಾನು ಅರ್ಧ ಕಿವಿಯಲ್ಲಿ ಕೇಳಿದೆ. ಮಿಕ್ಕ ಅರ್ಧ ಕಿವಿಯಲ್ಲಿ ಫ್ಲಾವಿಯಾಳ ಚಪ್ಪಲಿಯ ಸದ್ದಿತ್ತು.

ಮನೆಗೆ ಬಂದು ಊಟದ ಮೇಜಿನ ಮೇಲೆ ಬೂದು ತಕ್ಕಡಿ ಹೂಡಿದೆ. ಗಾಜಿನದ್ದನ್ನು ಟವೆಲಿನಿಂದ ಬಿಚ್ಚಲಿಲ್ಲ. ಅತ್ತೆ ಫ್ಯಾನ್ ಆರಿಸಿ, ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಎದುರಿಗೆ ಕೂತರು.

“ಕೊಡಲಿಲ್ವಾ ಅದನ್ನ?”

“ಅದು ಬೇರೆಯವರದು ಅತ್ತೆ. ಹಗುರಾಗಿಲ್ಲ.”

“ಯಾರದಂತೆ?”

“ಫ್ಲಾವಿಯಾ ಟೀಚರದು.”

ಅತ್ತೆ ನನ್ನ ಮುಖವನ್ನು ಒಮ್ಮೆ ನೋಡಿದರು. “ಅಂತೂ ಕೋಪ ಬಂತಲ್ಲ ನಿಂಗೆ,” ಎಂದರು. “ಹದಿನಾಲ್ಕು ದಿನ ಗೋಡೆ ಥರ ಕೂತಿದ್ದೆ. ನಂಗೆ ಅದೇ ದಿಗಿಲಾಗಿತ್ತು.”

ರಾಕೆಟ್ಟುಗಳನ್ನು ಒಂದೊಂದಾಗಿ ಲೋಟದೊಳಗೆ ನಿಲ್ಲಿಸಿದೆ. ಮೊದಲನೆಯದರ ರೆಕ್ಕೆಯ ಮೇಲೆ 118.0 ಎಂದಿತ್ತು, ಹದಿನಾಲ್ಕು ಪಾಲು ಕಳೆದರೆ 101.5. ತಕ್ಕಡಿ 101.5 ಎಂದಿತು. ಎರಡನೆಯದರ ಮೇಲೆ 62.5, 53.8 ಬರಬೇಕು, ಬಂತು. ಮೂರು, ನಾಲ್ಕು, ಐದು. ಎಲ್ಲವೂ ಪೂರ್ತಿ ಅವನವೇ. ಮಕ್ಕಳದ್ದೂ ಒಂದಿರಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹಸಿದವರ ಮುಂದೆ ಖಾಲಿ ಪಾತ್ರೆಗಳ ಮುಚ್ಚಳ ತೆಗೆಯುತ್ತ ಹೋದ ಹಾಗಿತ್ತು.

ಆರನೆಯದು ಕೆಂಪು ಬಣ್ಣದ್ದು, ಅವನಿಗೆ ಬಹಳ ಪ್ರೀತಿಯದು. ಪೆನ್ಸಿಲಿನಲ್ಲಿ 96.0 ಎಂದಿತ್ತು. 82.6 ಇರಬೇಕು. ತಕ್ಕಡಿ 83.8 ಎಂದಿತು. ತೆಗೆದು ಮತ್ತೆ ಇಟ್ಟೆ. 83.8. ಒಂದು ಗ್ರಾಂ, ಮೇಲೆ ಎರಡು ಪಾಲು. ಅಡುಗೆಮನೆಯ ತಕ್ಕಡಿಯಲ್ಲಾಗಿದ್ದರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಹೆಚ್ಚಿನ 1.2 ನೂರರಲ್ಲಿ ಹದಿನಾಲ್ಕು ಪಾಲಾದರೆ ಇಡೀ ತೂಕ ಎಷ್ಟೆಂದು ಹಾಲಿನ ಲೆಕ್ಕದ ಚೀಟಿಯ ಹಿಂದೆ ಭಾಗಾಕಾರ ಮಾಡಿದೆ. ಇದರೊಳಗೆ ಎಂಟೂವರೆ ಗ್ರಾಮಿನಷ್ಟು ಏನೋ ಇದೆ, ಅದು ಚಿದಂಬರನದಲ್ಲ.

“ಏನೇ ಅದು?”

“ಇದರೊಳಗೆ ಬೇರೆಯವರದು ಏನೋ ಇದೆ.”

“ಬೇರೆಯವರದು ಅಂದ್ರೆ?”

ಪ್ಯಾರಾಚೂಟನ್ನು ಎಳೆದು ತೂಗಿದೆ, ಎಂಟೂವರೆ ಗ್ರಾಮೂ ಇಲ್ಲ, ಅವನದ್ದೇ. ದಾರ ಅವನದ್ದೇ. ರೆಕ್ಕೆ ಕಿತ್ತೆ. ಮೂರು ಭಾನುವಾರ ಕೂತು ಮರಳುಕಾಗದದಲ್ಲಿ ತಿಕ್ಕಿ ಅಂಟಿಸಿದ್ದ ರೆಕ್ಕೆಗಳು, ಕೀಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಅವೂ ಅವನವೇ. ಉಳಿದದ್ದು ಮೂತಿ. ಅಲ್ಲಾಡಿಸಿದರೆ ಒಳಗೆ ಏನೂ ಸದ್ದಾಗಲಿಲ್ಲ. ಜೇಡಿಮಣ್ಣು ಮೆತ್ತಿ ಮುಚ್ಚಿದ್ದ. ನನಗೆ ಆಗ ಖಾತ್ರಿಯಾಗಿ ಹೋಗಿತ್ತು. ಅವಳ ಓಲೆ ಇರಬೇಕು. ಉಂಗುರ ಇರಬೇಕು. ಕತ್ತಿನ ಶಿಲುಬೆ ಇರಬೇಕು. ಅದನ್ನು ಮೂತಿಯಲ್ಲಿಟ್ಟು ಭಾನುವಾರ ಭಾನುವಾರ ನೂರೈವತ್ತು ಮೀಟರು ಮೇಲಕ್ಕೆ ಕಳಿಸುತ್ತಿದ್ದ, ಅವಳು ಕೆಳಗೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಈಳಿಗೆಮಣೆ ಎಳೆದುಕೊಂಡು ಮೂತಿಯನ್ನು ನಡುವೆ ಸೀಳಿದೆ.

ಮಣ್ಣಿನ ಉಂಡೆಯೊಳಗಿಂದ ಹಿತ್ತಾಳೆಯ ತುಂಡೊಂದು ಮೇಜಿನ ಮೇಲೆ ಉರುಳಿತು. ಉದ್ದ ಕತ್ತು, ತುದಿಯಲ್ಲಿ ಬಟಾಣಿಯಷ್ಟು ಗುಂಡು.

ಅತ್ತೆ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಎದ್ದು ದೇವರ ಮನೆಗೆ ಹೋದರು. ವಾಪಸು ಬಂದಾಗ ಅವರ ಕೈಯಲ್ಲಿ ಪೂಜೆಯ ಗಂಟೆ ಇತ್ತು. ಅದು ಮೂಕವಾಗಿ ವರ್ಷವಾಗಿತ್ತು. ನಾಲಿಗೆ ಕಳಚಿ ಎಲ್ಲೋ ಬಿದ್ದಿದೆಯೆಂದು ಅತ್ತೆ ಮೊದಲು ಕೆಲಸದವಳನ್ನು, ಆಮೇಲೆ ನನ್ನನ್ನು, ಕೊನೆಗೆ ಇಲಿಯನ್ನು ಬೈದಿದ್ದರು.

“ಕಳ್ಳ,” ಎಂದರು. “ನನ್ನ ಜೊತೆ ಕೂತ್ಕೊಂಡು ಮಂಚದ ಕೆಳಗೆಲ್ಲ ಟಾರ್ಚು ಬಿಟ್ಟು ಹುಡುಕಿದ್ನಲ್ಲೇ. ‘ಅಮ್ಮಾ, ಸಿಗತ್ತೆ ಬಿಡು’ ಅಂದ.” ನಗು ಶುರುವಾಗಿ ಅಳುವಾಯಿತು. ನಾಲಿಗೆಯನ್ನು ಬೂದು ತಕ್ಕಡಿಯ ಮೇಲಿಟ್ಟೆ. 8.6. ಲೆಕ್ಕ ಸರಿಯಾಗಿತ್ತು. ಲೆಕ್ಕದಲ್ಲಿ ನಾನು ಎಂದೂ ತಪ್ಪಿದವಳಲ್ಲ.

ಅತ್ತೆ ಕಣ್ಣೊರೆಸಿಕೊಂಡು, ಸೀಳಿದ ಮೂತಿಯನ್ನೂ ಕಿತ್ತ ರೆಕ್ಕೆಗಳನ್ನೂ ಒಂದು ಪೇಪರಿನಲ್ಲಿ ಕೂಡಿಸಿದರು. “ಏನಿರತ್ತೆ ಅಂತ ಇದನ್ನ ಹೀಗೆ ಸೀಳಿದೆ?” ಎಂದು ಮೆಲ್ಲಗೆ ಕೇಳಿದರು. ನಾನು ಈಳಿಗೆಮಣೆಯನ್ನು ಗೋಡೆಗೆ ಸರಿಸಿದೆ. “ಇರಲಿ ಬಿಡು. ಎಂಬತ್ತಾರು ದಿನಕ್ಕೆ ಹೇಗೂ ಹೋಗೋದೇ. ನಾಳೆ ಆ ಗಾಜಿನದ್ದನ್ನ ಕೊಟ್ಟು ಬಾ. ಬರಿಗೈಲಿ ಕೊಡಬಾರದು, ಒಂದು ಹಿಡಿ ಅಕ್ಕಿ ಇಡು. ಅವರು ಅದನ್ನ ಎತ್ತಿ ‘ನಂದೇ’ ಅನ್ನೋವರೆಗೂ ಹೊಸಿಲು ದಾಟಬೇಡ. ಜಗಳ ಆಡಬೇಡ.”

“ನಾನ್ಯಾಕೆ ಜಗಳ ಆಡಲಿ?”

“ಈಳಿಗೆಮಣೆ ಕಂಡೆನಲ್ಲ,” ಎಂದರು ಅತ್ತೆ.

ಮಾರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಹೋದೆ. ಫ್ಲಾವಿಯಾಳ ಮನೆ ಒಂದು ಹೊಲಿಗೆ ಅಂಗಡಿಯ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದೇ ಇತ್ತು. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. ನನ್ನನ್ನು ಕಂಡು ಎದ್ದಳು. ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು.

“ಬನ್ನಿ ಇಂದುಮತಿ. ಕೂತ್ಕೊಳ್ಳಿ. ಟೀ ಮಾಡಲಾ?”

“ಬೇಡ.”

“ಅಮ್ಮ ಹೇಗಿದಾರೆ?”

“ಇದಾರೆ.”

ಅವಳು ನನಗಿಂತ ಚೆಂದವಿಲ್ಲ. ಅದನ್ನು ಮೆಟ್ಟಿಲ ಮೇಲೆ ಇರುವಾಗಲೇ ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಅವಳ ಕಿಟಕಿಯಲ್ಲಿ ಮೈದಾನ ಕಾಣುತ್ತಿತ್ತು. ನಮ್ಮ ಮನೆಯಿಂದ ಕಾಣುವುದಿಲ್ಲ. ಗೋಡೆಗೆ ಮಕ್ಕಳ ಜೊತೆಗಿನ ಒಂದು ಫೋಟೋ, ಅದರಲ್ಲಿ ಚಿದಂಬರ ಬಾಯಿ ತೆರೆದು ನಗುತ್ತಿದ್ದಾನೆ. ಆ ನಗು ನಮ್ಮ ಮನೆಯ ಯಾವ ಫೋಟೋದಲ್ಲೂ ಇಲ್ಲ. ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲೋ ಹೋಯಿತು. ಪತ್ರಿಕೆಗಳ ಪಕ್ಕದಲ್ಲಿ ಗಾಜಿನ ಗೂಡನ್ನು ಇಳಿಸಿ, ಟವೆಲು ಬಿಚ್ಚಿ, ಅಕ್ಕಿಯ ಪೊಟ್ಟಣವನ್ನು ಅದರ ಮುಂದಿಟ್ಟೆ.

ಅವಳು ಅಕ್ಕಿಯನ್ನು ನೋಡಿದಳು, ನನ್ನನ್ನು ನೋಡಿದಳು. ಊರಿನವಳೇ, ಅದರ ಅರ್ಥ ಗೊತ್ತು.

“ಇದು ವಾಪಸು ಕೊಡೋದಲ್ಲ ಇಂದುಮತಿ,” ಎಂದಳು. “ನಾನು ಕಡ ಕೊಟ್ಟಿದ್ದಲ್ಲ ಇದು.”

“ಮತ್ತೆ?”

“ಕೊಟ್ಟಿದ್ದು. ಅವರ ಹುಟ್ಟುಹಬ್ಬಕ್ಕೆ.” ಆಮೇಲೆ ಕ್ಲಾಸಿನಲ್ಲಿ ತಪ್ಪೊಪ್ಪಿಕೊಳ್ಳುವ ಹುಡುಗಿಯ ಹಾಗೆ, “ಕೂಟದ ಕಡೆಯಿಂದ ಅಂತ ಹೇಳಿದ್ದೆ. ಕೂಟದಲ್ಲಿ ಅಷ್ಟು ದುಡ್ಡೆಲ್ಲಿ. ನಾನೇ ತಗೊಂಡಿದ್ದು.”

“ಅವರಿಗೆ ಗೊತ್ತಿತ್ತಾ?”

“ಗೊತ್ತಿತ್ತು ಅನ್ಸತ್ತೆ.”

ಆ ಹುಟ್ಟುಹಬ್ಬ ನನಗೆ ನೆನಪಿದೆ. ಹೆಸರುಬೇಳೆ ಪಾಯಸ ಮಾಡಿದ್ದೆ. ಎರಡು ಸಲ ಹಾಕಿಸಿಕೊಂಡು ಉಂಡಿದ್ದ. ತಕ್ಕಡಿಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಹಿಂದಿನ ದಿನ ರಾಕೆಟ್ಟಿನ ಮೂತಿ ಸೀಳಿದ ಕೈ ಮತ್ತೆ ಮುಷ್ಟಿಯಾಯಿತು.

“ತಗೊಳ್ಳುವಾಗ ಏನಂದ್ರು?” ಎಂದು ಕೇಳಿದೆ. ಕೇಳಬಾರದಿತ್ತು. ಆದರೆ ಎಷ್ಟೆಂದು ತಿಳಿಯಬೇಕಿತ್ತು ನನಗೆ, ಕೊನೆಯ ದಶಮಾಂಶದವರೆಗೆ.

“ತುಂಬ ಹೊತ್ತು ನೋಡಿದ್ರು. ‘ಇಷ್ಟು ದೊಡ್ಡದು ಬೇಡ ಟೀಚರ್’ ಅಂದ್ರು. ನಾನು ಬಿಡಲಿಲ್ಲ. ಆಮೇಲೆ ‘ಸರಿ, ನನ್ನ ಹತ್ರ ಇರಲಿ’ ಅಂದ್ರು. ತಗೊಂಡ್ರು.” ಅವಳು ಕಿಟಕಿಯ ಕಡೆ ತಿರುಗಿದಳು. “ಎರಡು ವರ್ಷ ದಿನಾ ಅದರಲ್ಲೇ ತೂಗ್ತಿದ್ರಲ್ಲ. ಮಕ್ಕಳಿಗೆಲ್ಲ ಹೇಳೋರು, ನಮ್ಮನೇಲಿ ಒಳ್ಳೇ ತಕ್ಕಡಿ ಇದೆ ಅಂತ. ಅಷ್ಟು ಸಾಕಿತ್ತು ನಂಗೆ. ಬೇರೆ ಏನೂ ಇರಲಿಲ್ಲ ಇಂದುಮತಿ. ನೀವು ನಂಬಬೇಕು.”

ನಾನು ನಂಬಿದೆನೋ ಇಲ್ಲವೋ ಗೊತ್ತಿಲ್ಲ. ನನ್ನ ತಲೆಯಲ್ಲಿ ಆಗ ಒಂದು ಅಂಕಿ ಎದ್ದು ನಿಂತಿತ್ತು. ಇವಳು ಕೊಟ್ಟು ಅವನು ತೆಗೆದುಕೊಂಡಿದ್ದರೆ ಇದು ಅವನದ್ದು. ಅವನದ್ದಾಗಿದ್ದರೆ ಹದಿನೈದನೆಯ ದಿನಕ್ಕೆ ಐನೂರ ನಲವತ್ತನಾಲ್ಕು ಗ್ರಾಂ ಇರಬೇಕಿತ್ತು. ಮೌಲಾಲಿಯ ಅಂಗಡಿಯಲ್ಲಿ ಆರುನೂರ ನಲವತ್ತು ಇತ್ತು. ಒಂದು ಗುಲಗಂಜಿಯೂ ಕಡಿಮೆಯಿಲ್ಲ, ಆ ಅಳಿಯನ ಉಂಗುರದ ಹಾಗೆ. ನಾನು ಇಡೀ ಒಂದು ದಿನ ಆ ತೂಕವನ್ನು ತಲೆಕೆಳಗಾಗಿ ಓದಿದ್ದೆ.

ಅವಳು ಇನ್ನೂ ಅದನ್ನು ಮುಟ್ಟಿರಲಿಲ್ಲ.

“ನೀವೇ ತಗೊಂಡು ಹೋಗಿ,” ಎಂದಳು. “ನೂರನೇ ದಿನ ಎಲ್ಲದರ ಜೊತೆ ಇದನ್ನೂ ಬಿಡಿ. ನಂಗೆ ಅಷ್ಟೇ ಆಸೆ. ಇಲ್ಲೇ ಕಿಟಕೀಲಿ ನಿಂತು ನೋಡ್ತೀನಿ. ನಿಮ್ಮನೆ ಕಡೆ ಬರಲ್ಲ.”

ಟವೆಲು ಸುತ್ತಿಕೊಂಡು ಇಳಿದು ಬಂದುಬಿಡಬಹುದಿತ್ತು. ಎಂಬತ್ತೈದು ದಿನ ಅವಳು ಕಿಟಕಿಯಲ್ಲಿ ಕಾಯುತ್ತಿದ್ದಳು. ಆ ದಿನ ನಮ್ಮ ಅಂಗಳದಿಂದ ನೀಲಿ ಶರ್ಟು, ಆರು ರಾಕೆಟ್ಟು, ಐದು ಕಿಲೋದ ಅಡುಗೆಮನೆ ತಕ್ಕಡಿ ಮೇಲೆ ಹೋಗುತ್ತಿದ್ದವು. ದೂರದಿಂದ ಯಾವುದು ಯಾವುದೆಂದು ಯಾರಿಗೆ ಕಾಣುತ್ತದೆ. ಗಾಜು ಹೊಳೆಯಿತು ಎಂದು ಅವಳು ಅಂದುಕೊಳ್ಳಬಹುದಿತ್ತು. ಇಷ್ಟೂ ಆ ನಿಮಿಷದಲ್ಲೇ ನನಗೆ ಹೊಳೆದಿತ್ತು. ಹೊಳೆದ ಮೇಲೆಯೇ ಹೇಳಿದೆ.

“ಒಂದು ಸಲ ಎತ್ತಿ ನೋಡಿ.”

“ಯಾಕೆ?”

“ಪದ್ಧತಿ.”

ಅವಳು ಎರಡೂ ಕೈ ಚಾಚಿ, ಹಗುರ ವಸ್ತುವನ್ನು ಎತ್ತುವಷ್ಟೇ ಬಲ ಹಾಕಿ ಎತ್ತಿದಳು. ಅದು ಏಳಲಿಲ್ಲ. ಕೈ ತಡೆಯಿತು. ಮತ್ತೆ ಬಲ ಹಾಕಿದಳು, ಈ ಸಲ ಎದ್ದಿತು. ಎದೆಯ ಮಟ್ಟಕ್ಕೆ ತಂದು ಹಾಗೇ ಹಿಡಿದುಕೊಂಡಳು. ಅವಳು ವಿಜ್ಞಾನದ ಟೀಚರ್. ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಅವಳ ಮುಖದಿಂದ ಏನೋ ಇಳಿದು ಹೋಗುವುದನ್ನು ನಾನು ಎದುರಿಗೇ ನಿಂತು ನೋಡಿದೆ. ನನಗೆ ಸಂತೋಷವಾಯಿತು. ಅದನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ಎಷ್ಟು ಹೊತ್ತು ಇತ್ತು ಆ ಸಂತೋಷ ಎಂದು ಹೇಳಲಾರೆ. ಕೆಳಗೆ ಹೊಲಿಗೆ ಮಿಷನ್ನು ಒಂದು ಉದ್ದ ಸಾಲು ಹೊಲಿದು ನಿಂತಿತು; ಅಷ್ಟು ಹೊತ್ತು ಇರಬಹುದು.

ಆಮೇಲೆ ಅವಳ ಕೈಯಲ್ಲಿ ಗಾಜು ಕಟಕಟ ಸದ್ದು ಮಾಡುತ್ತಿತ್ತು. ನಾನು ಮುಂದೆ ಹೋಗಿ ಬುಡಕ್ಕೆ ಕೈ ಕೊಟ್ಟೆ. ಇಬ್ಬರೂ ಸೇರಿ ಅದನ್ನು ಪತ್ರಿಕೆಗಳ ಪಕ್ಕಕ್ಕೆ ಇಳಿಸಿದೆವು. ಹೋಗಬೇಕೆನ್ನಿಸಿತು, ಆದರೆ ಅವಳು ಆ ಮಾತು ಹೇಳುವವರೆಗೆ ಹೊಸಿಲು ದಾಟುವ ಹಾಗಿರಲಿಲ್ಲ. ನಿಂತೆ. ಅವಳು ಅಕ್ಕಿಯ ಪೊಟ್ಟಣ ಬಿಚ್ಚಿ, ಕಾಳು ಚೆಲ್ಲದ ಹಾಗೆ ಮೇಜಿನ ಮೇಲಿನ ಬಟ್ಟಲಿಗೆ ಸುರಿದುಕೊಂಡಳು. ಖಾಲಿ ಕಾಗದವನ್ನು ನಾಲ್ಕಾಗಿ ಮಡಚಿದಳು.

“ನಂದೇ,” ಎಂದಳು.